ವಾಯ್ಸ್ ಅಂದರೆ ಯಾರ ದನಿ?

ಕಾದಂಬರಿ, ಸಿನಿಮಾದಲ್ಲಿ ‘ವಾಯ್ಸ್’ ಅಂದರೆ ಏನು, ಇಂಗ್ಲಿಷ್ ಪರೀಕ್ಷೆಯಲ್ಲಿ ಅದರ ಬಗ್ಗೆ ಏನು ಬರೆಯಬೇಕು ಅಂತ ಕೇಳಿದ್ದೀರಿ. ವ್ಯಾಕರಣದ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದನ್ನು ಮೊದಲು ತಲೆಯಿಂದ ತೆಗೆದುಬಿಡಿ.

ನಾನು ಓದುವಾಗ ಮಾಡುತ್ತಿದ್ದ ತಪ್ಪೇ ಬೇರೆ. ‘ಇಲ್ಲಿ ವಾಯ್ಸ್ ದುಃಖದಿಂದ ಕೂಡಿದೆ’ ಅಂತ ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ, ಅಂಕ ಯಾಕೆ ಬರಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ. ದುಃಖ ಅನ್ನೋದು ಟೋನ್, ಆ ಹೊತ್ತಿನ ಭಾವ. ಒಬ್ಬನೇ ಮನುಷ್ಯ ಬೆಳಿಗ್ಗೆ ನಗುತ್ತಾ ಮಾತಾಡಿ ಸಂಜೆ ರೇಗಬಹುದು, ಆದರೆ ಪಕ್ಕದ ಕೋಣೆಯಿಂದ ಕೇಳಿದರೂ ಇದು ಅವನದೇ ಮಾತು ಅಂತ ಗೊತ್ತಾಗುತ್ತಲ್ವಾ, ಅದು ವಾಯ್ಸ್. ಯಾವ ಪದ ಬಳಸುತ್ತಾನೆ, ವಾಕ್ಯ ಎಷ್ಟು ಉದ್ದ, ಯಾವುದನ್ನು ಗಮನಿಸುತ್ತಾನೆ, ಯಾವುದನ್ನು ಬಿಟ್ಟುಬಿಡುತ್ತಾನೆ, ಇವೆಲ್ಲ ಸೇರಿ.

ಮಾರ್ಕ್ ಟ್ವೇನ್ ಬರೆದ ‘ಹಕಲ್‌ಬೆರಿ ಫಿನ್’ (1884) ಕಾದಂಬರಿ ನೋಡಿ. ಕಥೆ ಹೇಳುವವನು ಹದಿಮೂರು ಹದಿನಾಲ್ಕರ ಹುಡುಗ. ಓದು ಅಷ್ಟಕ್ಕಷ್ಟೆ, ವ್ಯಾಕರಣ ತಪ್ಪು, ಒಂದಕ್ಕೊಂದು ಪೋಣಿಸುತ್ತಾ ಹೋಗುವ ಮಾತು. ಗುಲಾಮ ಜಿಮ್ ತಪ್ಪಿಸಿಕೊಳ್ಳಲು ನೆರವಾದರೆ ತಾನು ನರಕಕ್ಕೆ ಹೋಗುತ್ತೇನೆ ಅಂತ ಅವನು ನಿಜವಾಗಿಯೂ ನಂಬಿದ್ದಾನೆ. ಆದರೂ ಜಿಮ್ ಎಲ್ಲಿದ್ದಾನೆ ಅಂತ ತಿಳಿಸಲು ಅವನ ಒಡತಿಗೆ ಬರೆದಿದ್ದ ಕಾಗದವನ್ನು ಹರಿದುಹಾಕುತ್ತಾನೆ. ಹುಡುಗ ಮಾಡಿದ್ದು ಸರಿ ಅಂತ ನಮಗೆ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ. ಅಂದರೆ ಹುಡುಗನ ದನಿಯ ಹಿಂದೆ ಲೇಖಕನ ದನಿ ಇನ್ನೊಂದಿದೆ, ಎರಡೂ ಒಂದೇ ಮಾತು ಹೇಳುತ್ತಿಲ್ಲ. ಉತ್ತರದಲ್ಲಿ ಜಾಸ್ತಿ ಜಾಗ ಕೊಡಬೇಕಾದ್ದು ಇದಕ್ಕೇ.

ಸಿನಿಮಾ ಅಂದ ಕೂಡಲೇ ಎಲ್ಲರೂ ವಾಯ್ಸ್ ಓವರ್, ಅಂದರೆ ದೃಶ್ಯದ ಮೇಲೆ ಕೇಳುವ ನಿರೂಪಕನ ಮಾತಿನ ಬಗ್ಗೆ ಬರೆಯುತ್ತಾರೆ. ಅದು ಒಂದು ಭಾಗ ಅಷ್ಟೆ. ಬಿಲ್ಲಿ ವೈಲ್ಡರ್ ನಿರ್ದೇಶಿಸಿದ ‘ಸನ್‌ಸೆಟ್ ಬುಲೆವಾರ್ಡ್’ (1950) ಶುರುವಾಗುವಾಗ ಈಜುಕೊಳದಲ್ಲಿ ಒಂದು ಹೆಣ ತೇಲುತ್ತಿರುತ್ತದೆ. ನಿರೂಪಕ ಅದು ಯಾರೋ ಬೇರೆಯವನು ಅನ್ನೋ ಹಾಗೆ ವ್ಯಂಗ್ಯವಾಗಿ ಮಾತಾಡುತ್ತಾನೆ. ಆ ಹೆಣ ಅವನದೇ! ಅದು ತಾನೇ ಅಂತ ಅವನು ಬಾಯಿಬಿಡದಿದ್ದರೂ ಕ್ಯಾಮೆರಾ ನೀರಿನ ಕೆಳಗಿನಿಂದ ಅವನ ಮುಖವನ್ನೇ ತೋರಿಸುತ್ತಿರುತ್ತದೆ. ಕ್ಯಾಮೆರಾ ಎಲ್ಲಿದೆ, ಎಲ್ಲಿ ಕಟ್ ಆಯಿತು, ಯಾವ ಸದ್ದು ಕೇಳುತ್ತದೆ, ಎಲ್ಲವೂ ಸಿನಿಮಾದ ದನಿಯೇ.

ಅಭ್ಯಾಸಕ್ಕೆ ನನಗೆ ಕೆಲಸಕ್ಕೆ ಬಂದಿದ್ದು ಒಂದೇ ದಾರಿ. ಪಠ್ಯದಿಂದ ನಾಲ್ಕು ಸಾಲು ತೆಗೆದುಕೊಂಡು ಅದೇ ಸಂಗತಿಯನ್ನು ಪತ್ರಿಕಾ ವರದಿ ಥರ ಸಪ್ಪೆಯಾಗಿ ಬರೆಯಿರಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿ. ನಿಮ್ಮ ವರದಿಯಲ್ಲಿ ಏನೇನು ಕಳೆದುಹೋಗಿದೆ ಅಂತ ಪಟ್ಟಿ ಮಾಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಆ ಪಟ್ಟಿಯಲ್ಲಿ ಎರಡೇ ಎರಡು ಆರಿಸಿ, ಪಠ್ಯದ ಪದಗಳನ್ನೇ ಎತ್ತಿ ಬರೆಯಿರಿ.