ಬಿಲ್ ಬ್ಲ್ಯಾಕ್ ಅವರ ಬಲಗೈ ಏನು ಮಾಡುತ್ತಿತ್ತು?

ಮಾನ್ಯರೆ,

1950ರ ದಶಕದ ಅಮೆರಿಕದ ರಾಕ್ ಸಂಗೀತದ ಆರಂಭಿಕ ಪ್ರಕಾರವಾದ ರಾಕಬಿಲಿಯ ಸ್ಲ್ಯಾಪ್ ಬೇಸ್ ವಾದನವನ್ನು, ಅಂದರೆ ದೊಡ್ಡ ಮಂದ್ರ ತಂತಿವಾದ್ಯವಾದ ಬೇಸ್ ಅನ್ನು ಬಡಿದು ನುಡಿಸುವ ಶೈಲಿಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಈ ವಿಷಯವನ್ನು ಕನ್ನಡದಲ್ಲಿ ಎತ್ತಿಕೊಳ್ಳುವವರು ವಿರಳ.

ಲೇಖನದ ಬಹುಭಾಗ ಎಲ್ವಿಸ್ ಪ್ರೀಸ್ಲಿಯವರ ಜನಪ್ರಿಯತೆಯ ವರ್ಣನೆಗೇ ಮೀಸಲಾಗಿದೆ. ಪ್ರೀಸ್ಲಿಯವರ ಜೊತೆಗಾರರಾಗಿದ್ದ ಬೇಸ್ ವಾದಕ ಬಿಲ್ ಬ್ಲ್ಯಾಕ್ ಅವರ ಪ್ರಸ್ತಾಪ ಬಂದಾಗಲೂ ಅವರ ವಾದನ ‘ಮಾಂತ್ರಿಕ’, ‘ರೋಮಾಂಚಕ’ ಎಂದಷ್ಟೇ ಹೇಳಿ ಮುಂದೆ ಸಾಗಿದ್ದೀರಿ. ಪಿಟೀಲಿನ ಬಂಧುವಾದ, ಆಳೆತ್ತರವನ್ನೂ ಮೀರಿದ ಆ ವಾದ್ಯದ ಮೇಲೆ ಅವರ ಬಲಗೈ ಏನು ಮಾಡುತ್ತಿತ್ತು ಎಂಬುದು ಓದುಗರಿಗೆ ಎಲ್ಲಿಯೂ ಸಿಗುವುದಿಲ್ಲ. ಬೆರಳುಗಳು ತಂತಿಯನ್ನು ಅದರ ಕೆಳಗಿನ ಮರದ ಹಲಗೆಯಿಂದ ಹೊರಕ್ಕೆ ಎಳೆದು ಬಿಡುತ್ತವೆ. ಅದು ಹಿಂದಕ್ಕೆ ಚಿಮ್ಮಿ ಹಲಗೆಗೆ ಬಡಿದಾಗ ಸ್ವರದೊಂದಿಗೇ ‘ಟಕ್’ ಎಂಬ ಪೆಟ್ಟು ಕೇಳಿಸುತ್ತದೆ. ಎರಡು ಸ್ವರಗಳ ನಡುವಿನ ತೆರಪಿನಲ್ಲಿ ಅಂಗೈ ತಂತಿಗಳನ್ನು ಹಲಗೆಗೆ ಅಪ್ಪಳಿಸಿ, ಸ್ವರವಿಲ್ಲದ ಇನ್ನೊಂದು ಪೆಟ್ಟನ್ನು ಸೇರಿಸುತ್ತದೆ. ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳಿಗೆ ಉಕ್ಕಿನ ತಂತಿಗಳಷ್ಟು ಬಿಗಿತವಿಲ್ಲದ್ದರಿಂದ ಹೀಗೆ ಎಳೆದು ಬಿಡುವುದು ಸುಲಭವಾಗುತ್ತಿತ್ತು ಎಂಬ ನಿಮ್ಮ ಮಾತು ಸರಿಯಾಗಿದೆ. ಇಡೀ ಲೇಖನದಲ್ಲಿ ನನಗೆ ಹಿಡಿಸಿದ ಸಾಲು ಅದೇ.

ಈ ಪೆಟ್ಟು ಏಕೆ ಬೇಕಾಯಿತು ಎಂಬುದೇ ಲೇಖನದ ತಿರುಳಾಗಬೇಕಿತ್ತು. 1954ರ ಜುಲೈ 5ರಂದು ನಿರ್ಮಾಪಕ ಸ್ಯಾಮ್ ಫಿಲಿಪ್ಸ್ ಅವರ ಮೆಂಫಿಸ್ ಸ್ಟುಡಿಯೊದಲ್ಲಿ ಪ್ರೀಸ್ಲಿಯವರ ‘ದಟ್ಸ್ ಆಲ್ ರೈಟ್’ ಹಾಡು ಧ್ವನಿಮುದ್ರಣವಾದಾಗ ಅವರ ಗಿಟಾರ್, ಸ್ಕಾಟಿ ಮೂರ್ ಅವರ ಎಲೆಕ್ಟ್ರಿಕ್ ಗಿಟಾರ್ ಮತ್ತು ಬ್ಲ್ಯಾಕ್ ಅವರ ಬೇಸ್ ಮಾತ್ರ ಇದ್ದವು, ಡ್ರಮ್ ಇರಲಿಲ್ಲ. ಮಂದ್ರ ಸ್ವರಗಳ ಜೊತೆಗೆ ತಾಳವಾದ್ಯದ ಹೊಣೆಯೂ ಬೇಸ್‌ನ ಹೆಗಲಿಗೆ ಬಿತ್ತು. ನಿಮ್ಮ ಲೇಖನದಲ್ಲಿ ಈ ಸಂಗತಿಯೇ ಇಲ್ಲ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಈ ಶೈಲಿಯನ್ನು ಬ್ಲ್ಯಾಕ್ ಕಂಡುಹಿಡಿದರು ಎಂದಿದ್ದೀರಿ. ಪಾಪ್ಸ್ ಫಾಸ್ಟರ್ ಅವರಂತಹ ನ್ಯೂ ಆರ್ಲಿಯನ್ಸ್‌ನ ಜಾಝ್ ವಾದಕರು ಹಲವು ದಶಕಗಳ ಹಿಂದೆಯೇ ಹೀಗೆ ನುಡಿಸುತ್ತಿದ್ದರು. ಎಲೆಕ್ಟ್ರಿಕ್ ಬೇಸ್‌ನ ತಂತಿಗೆ ಹೆಬ್ಬೆರಳಿನಿಂದ ಬಡಿಯುವ, ಬೇಸ್ ವಾದಕ ಲ್ಯಾರಿ ಗ್ರಹಾಂ ಮುಂದೆ ಫಂಕ್ ಎಂಬ ನೃತ್ಯಲಯದ ಸಂಗೀತದಲ್ಲಿ ಪ್ರಸಿದ್ಧಗೊಳಿಸಿದ ಶೈಲಿಯನ್ನೂ ಇದರೊಂದಿಗೆ ಬೆರೆಸಿದ್ದೀರಿ. ಆ ವಾದ್ಯವೂ ಬೇರೆ, ಕೈಚಳಕವೂ ಬೇರೆ. ರಾಕಬಿಲಿಯನ್ನು ಮತ್ತೆ ಜನಪ್ರಿಯಗೊಳಿಸಿದ 1980ರ ದಶಕದ ಸ್ಟ್ರೇ ಕ್ಯಾಟ್ಸ್ ತಂಡಕ್ಕೆ ಒಂದು ವಾಕ್ಯ ಸಾಕು.

ಪೀಠಿಕೆಯನ್ನು ಪೂರ್ತಿಯಾಗಿ ತೆಗೆದು ಮೆಂಫಿಸ್‌ನ ಆ ಸ್ಟುಡಿಯೊದಿಂದಲೇ ಆರಂಭಿಸಿ. 1954ರ ಏಪ್ರಿಲ್‌ನಲ್ಲಿ ಗಾಯಕ ಬಿಲ್ ಹೇಲಿಯವರು ಧ್ವನಿಮುದ್ರಿಸಿದ ‘ರಾಕ್ ಅರೌಂಡ್ ದಿ ಕ್ಲಾಕ್’ ಹಾಡನ್ನೂ ಜೊತೆಗಿಟ್ಟುಕೊಂಡು ಕೇಳಿ. ಅಲ್ಲಿ ಮಾರ್ಷಲ್ ಲೈಟಲ್ ಅವರ ಬೇಸ್‌ಗೆ ಡ್ರಮ್‌ನ ಜೊತೆಯಿದೆ. ಡ್ರಮ್ ಇದ್ದಾಗ ಮತ್ತು ಇಲ್ಲದಾಗ ಆ ಪೆಟ್ಟು ಹೇಗೆ ಬೇರೆಯಾಗಿ ಕೇಳಿಸುತ್ತದೆ ಎಂಬುದನ್ನು ನಿಮ್ಮ ಕಿವಿಗೆ ಬಿದ್ದಂತೆಯೇ ಬರೆದು ಕಳುಹಿಸಿದರೆ, ಆ ಕರಡನ್ನು ನಾನೇ ಓದುತ್ತೇನೆ.

— ಸಂಪಾದಕ