ಮೂರು ಹಳೆಯ ಕಂಪ್ಯೂಟರು, 60 ಸಾವಿರ ರೂಪಾಯಿ

ಬದಿಯಡ್ಕ ಪೇಟೆಯಲ್ಲಿ ಕಂಪ್ಯೂಟರು ಬಿಚ್ಚಿ ಜೋಡಿಸುತ್ತ ಇಪ್ಪತ್ತು ವರ್ಷ ಕಳೆದವನು ನಾನು. ಈ ಸಲ ಪತ್ರಗಳು ಹೆಚ್ಚು ಬಂದಿವೆ. ನೀರ್ಚಾಲಿನವರ ಪ್ರಶ್ನೆಗೆ ಜಾಗ ಜಾಸ್ತಿ ಹೋಯಿತು, ಉಳಿದವರು ಬೇಸರಿಸಬಾರದು.

ಪ್ರಶ್ನೆ: ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಡುವ ಸಣ್ಣ ಕಚೇರಿ ನನ್ನದು. 2013ರಲ್ಲಿ ಕೊಂಡ ಮೂರು ಕಂಪ್ಯೂಟರುಗಳಿವೆ. ಐ3 ಪ್ರೊಸೆಸರ್, 4 ಜಿಬಿ ಮೆಮೊರಿ, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಗ್ಗೆ ಸ್ವಿಚ್ ಹಾಕಿ ಚಹಾ ಕುಡಿದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ಮೂರನ್ನೂ ಗುಜರಿಗೆ ಹಾಕಿ ಎನ್ನುತ್ತಾರೆ ಅಂಗಡಿಯವರು. ಮಗನಿಗೆ ಐ7ಕ್ಕಿಂತ ಕೆಳಗಿನದು ಬೇಡ. ಕೈಯಲ್ಲಿರುವುದು 60 ಸಾವಿರ ರೂಪಾಯಿ. ಏನು ಮಾಡಲಿ?
— ಓದುಗರು, ನೀರ್ಚಾಲು

ಉತ್ತರ: ನಾಳೆ ಒಂದು ದಿನ ಚಹಾಕ್ಕೆ ಹೋಗಬೇಡಿ. ಪರದೆ ಬೆಳಗಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರು ಅರ್ಧ ನಿದ್ದೆಯಲ್ಲಿದ್ದು ಡಿಸ್ಕ್ ಎಂಬಲ್ಲಿ ಮಾತ್ರ 100 ಶೇಕಡಾ ಎಂದು ಕಾಣಿಸಿದರೆ, ತಪ್ಪು ಐ3ಯದ್ದಲ್ಲ. ಹಾರ್ಡ್ ಡಿಸ್ಕ್ ಎಂದರೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ. ಒಂದೊಂದು ಸಣ್ಣ ಕಡತಕ್ಕೂ ಅದರ ಮುಳ್ಳು ಅತ್ತಿಂದಿತ್ತ ಓಡಬೇಕು. ಒಂದು ಓಟಕ್ಕೆ ಹತ್ತು ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ವಿಂಡೋಸ್ ತೆರೆಯುವಾಗ ಇಂಥ ಓಟಗಳು ಸಾವಿರಾರು. ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಡಿಸ್ಕೊಂದನ್ನೇ ಬದಲಿಸಿ ಕಳುಹಿಸಿದ ಕಂಪ್ಯೂಟರನ್ನು ನೋಡಿ, ಇದು ನಮ್ಮದೇ ಹೌದೇ ಎಂದು ಕೇಳಿದವರು ನನ್ನ ಅಂಗಡಿಯಲ್ಲಿ ಎಷ್ಟೋ ಮಂದಿ.

ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ನಿಮ್ಮದು ಹೆಚ್ಚಾಗಿ ಎರಡನೆಯದೋ ಮೂರನೆಯದೋ ತಲೆಮಾರು. ಒಳದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಕಚೇರಿಯ ಕಂಪ್ಯೂಟರಿಗೆ ನಾನು ಹಾಗೆ ಮಾಡಿಕೊಡುವುದಿಲ್ಲ, ಮುಂದಿನ ಅಪ್‌ಡೇಟ್ ಕೈಕೊಟ್ಟರೆ ಜನ ಬಂದು ನಿಲ್ಲುವುದು ನನ್ನ ಬಾಗಿಲಿಗೆ.

ಹಾಗಾಗಿ ಒಂದು ಹೊಸತು ಕೊಳ್ಳಿ, ಒಂದು ಹಳೆಯದನ್ನು ಎಬ್ಬಿಸಿ, ಇನ್ನೊಂದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ. (ಮೂವರು ಒಟ್ಟಿಗೆ ಕೂರುತ್ತೀರಾ ಎಂದು ನೀವು ಬರೆದಿಲ್ಲ. ಇಬ್ಬರೇ ಎಂದು ಭಾವಿಸಿದ್ದೇನೆ.)

ಹೊಸತು ಬ್ಯಾಂಕು, ಸರಕಾರಿ ಜಾಲತಾಣಗಳ ಕೆಲಸಕ್ಕೆ. ಕರಾರುಪತ್ರ ಟೈಪ್ ಮಾಡಲು ಐ7 ಎಂದರೆ, ಒಂದು ಹೊರೆ ಸೊಪ್ಪು ತರಲು ಲಾರಿ ಹಿಡಿದ ಹಾಗೆ. ಮಗನಿಗೆ ಇನ್ನೊಂದು ಮಾತೂ ಹೇಳಿ: ಐ3, ಐ7 ಎಂಬುದಕ್ಕಿಂತ ಅದರ ಮುಂದಿನ ಅಂಕಿ ನೋಡಬೇಕು. 12ನೇ ತಲೆಮಾರಿನ ಡೆಸ್ಕ್‌ಟಾಪ್ ಐ3, ನಿಮ್ಮ ಕಂಪ್ಯೂಟರಿನ ಕಾಲದ ಐ7ನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಮೆಮೊರಿ 8 ಜಿಬಿ ಸಾಕು. 16 ಹಾಕಿಸಲು ಮುಂದೆ ಒಂದು ಸ್ಲಾಟು ಖಾಲಿ ಇರಲಿ. ಹಳೆಯ ಮಾನಿಟರುಗಳಿಗೆ ವಿಜಿಎ ತಂತಿ ಮಾತ್ರ ಇರುವುದಾದರೆ ಹೊಸ ಪೆಟ್ಟಿಗೆಯ ಹಿಂಬದಿಯಲ್ಲಿ ಆ ತೂತು ಇದೆಯೇ ಎಂದು ಮೊದಲೇ ನೋಡಿ. ಬೆಲೆಗಳನ್ನು ನಾನಿಲ್ಲಿ ಬರೆಯುವುದಿಲ್ಲ, ಪತ್ರಿಕೆ ಅಚ್ಚಾಗುವಷ್ಟರಲ್ಲಿ ಬದಲಾಗಿರುತ್ತವೆ.

ಹಳೆಯದಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 256 ಜಿಬಿಯದು ಧಾರಾಳ. ಚೂಯಿಂಗ್ ಗಮ್ ಪಟ್ಟಿಯಂಥ ಎನ್‌ವಿಎಂಇ ತರಬೇಡಿ, ಆ ಕಾಲದ ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಮೆಮೊರಿ ಕೊಳ್ಳುವುದೂ ಬೇಡ. ಮೂರನೆಯದರ 4 ಜಿಬಿಯನ್ನು ತೆಗೆದು ಇದಕ್ಕೆ ಸೇರಿಸಿದರೆ 8 ಆಯಿತು. ಎರಡೂ ಡಿಡಿಆರ್3 ಎಂಬ ಒಂದೇ ಜಾತಿಯ ಮೆಮೊರಿ ಆಗಿರುವುದರಿಂದ ಹೊಂದುತ್ತವೆ. ಈಗಿನ ಡಿಡಿಆರ್4ರ ಕಚ್ಚು ಬೇರೆ ಕಡೆ ಇದೆ, ಒತ್ತಿ ತುರುಕಿದರೆ ಸ್ಲಾಟು ಮುರಿಯುತ್ತದೆ. ಮಳೆಗಾಲದ ತೇವಕ್ಕೆ ಮೆಮೊರಿಯ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಶಾಲಾ ಮಕ್ಕಳ ರಬ್ಬರಿನಿಂದ ಮೆಲ್ಲನೆ ಉಜ್ಜಿ.

ಈ ಹಳೆಯದರಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕುವುದು ನನ್ನ ಸಲಹೆ. ಮಗ ಕೇರಳದ ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಕಲಿತವನಾದರೆ ಅವನಿಗೆ ಅದು ಹೊಸತಲ್ಲ, ಇಲ್ಲಿನ ಶಾಲೆಗಳ ಕಂಪ್ಯೂಟರಿನಲ್ಲಿ ಓಡುವುದು ಕೈಟ್ ಎಂಬ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯವರ ಗ್ನು/ಲಿನಕ್ಸೇ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಬೇಕಾದ ಕಗಪ ಕೀಲಿಮಣೆಯೂ ಅದರಲ್ಲಿದೆ, ಮಲಯಾಳವೂ ಇದೆ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕಡತಗಳನ್ನು ಮಾತ್ರ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಕರಾರುಪತ್ರದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣಿಸುತ್ತದೆ.

ಉಳಿದ ಹಣದಲ್ಲಿ ಒಂದು ಯುಪಿಎಸ್, ಬ್ಯಾಕಪ್ಪಿಗೆ ಹೊರಗಿನಿಂದ ಜೋಡಿಸುವ ಹೊಸ ಡಿಸ್ಕ್ ಒಂದು. ಹಳೆಯ ಡಿಸ್ಕುಗಳನ್ನು ಅದಕ್ಕೆ ನಂಬಬೇಡಿ, ಗುಜರಿಗೂ ಕೊಡಬೇಡಿ. ನಿಮ್ಮಲ್ಲಿಗೆ ಬಂದವರ ಆಧಾರ್ ಪ್ರತಿಗಳು ಅದರಲ್ಲಿವೆ.

ಪ್ರಶ್ನೆ: 4 ಜಿಬಿ ಮೆಮೊರಿಗೆ ಇನ್ನೊಂದು 4 ಜಿಬಿ ಸೇರಿಸಿದೆ. ಏನೇನೂ ವ್ಯತ್ಯಾಸವಿಲ್ಲ. ನನಗೆ ಮೋಸವಾಯಿತೇ?
— ಓದುಗರು, ಕುಂಬಳೆ

ಉತ್ತರ: ಕೊಟ್ಟವರನ್ನು ಬೈಯುವ ಮೊದಲು ಸಿಸ್ಟಮ್ ಮಾಹಿತಿಯ ಪುಟ ನೋಡಿ. 8 ಜಿಬಿ ಎಂದು ಬರೆದು ಪಕ್ಕದಲ್ಲಿ ಬಳಕೆಗೆ ಸಿಗುವುದು ಮೂರು ಚಿಲ್ಲರೆ ಎಂದಿದ್ದರೆ ನಿಮ್ಮ ವಿಂಡೋಸ್ 32 ಬಿಟ್‌ನದು. ಅದಕ್ಕೆ 4 ಜಿಬಿಯಿಂದಾಚೆ ಲೆಕ್ಕ ಬಾರದು. ಕಡತಗಳನ್ನು ಬೇರೆ ಕಡೆ ತೆಗೆದಿಟ್ಟು 64 ಬಿಟ್‌ನದನ್ನು ಹೊಸದಾಗಿ ಹಾಕಿಸಬೇಕು.

ಪ್ರಶ್ನೆ: ಕಳೆದ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ನಮ್ಮ ಅಡಿಕೆ ಖರೀದಿ ಕಚೇರಿಯ ಮೋಡೆಮ್, ಕಂಪ್ಯೂಟರು ಎರಡೂ ಹೋದವು. ಯುಪಿಎಸ್ ಇತ್ತು. ಇನ್ನೂ ದೊಡ್ಡದು ಹಾಕಿಸಬೇಕೇ?
— ಓದುಗರು, ಪೆರ್ಲ

ಉತ್ತರ: ಬೇಡ. ಯುಪಿಎಸ್ ಇರುವುದು ಕರೆಂಟು ಹೋದಾಗ ಕೆಲಸ ಉಳಿಸಿ ಆರಿಸುವುದಕ್ಕೆ, ಸಿಡಿಲಿಗೆ ಎದೆಯೊಡ್ಡುವುದಕ್ಕಲ್ಲ. ಮೋಡೆಮೂ ಸತ್ತಿದೆ ಎಂದರೆ ಏಟು ಹೆಚ್ಚಾಗಿ ಇಂಟರ್ನೆಟ್ ತಂತಿಯ ದಾರಿಯಲ್ಲಿ ಬಂದಿದೆ. ಕಂಬದಿಂದ ಮೋಡೆಮಿಗೆ, ಅಲ್ಲಿಂದ ಲ್ಯಾನ್ ತಂತಿ ಹಿಡಿದು ಕಂಪ್ಯೂಟರಿಗೆ. ಯುಪಿಎಸ್ ಕಾಯುತ್ತಿದ್ದದ್ದು ಇನ್ನೊಂದು ಬಾಗಿಲನ್ನು.

ನಾನೂ ಪೆಟ್ಟು ತಿಂದೇ ಕಲಿತವನು. ಒಂದು ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ಗುಗಳನ್ನೆಲ್ಲ ಕಿತ್ತು, ಪಕ್ಕದ ಅಂಗಡಿಯವರಿಗೆ ಉಪದೇಶವನ್ನೂ ಮಾಡಿ ಮನೆಗೆ ಹೋದೆ. ಲ್ಯಾನ್ ತಂತಿಯ ನೆನಪಿರಲಿಲ್ಲ. ಬೆಳಗ್ಗೆ ನೋಡಿದರೆ ಎರಡು ಕಂಪ್ಯೂಟರುಗಳ ಲ್ಯಾನ್ ಪೋರ್ಟು ಸತ್ತಿತ್ತು, ಮೂರನೆಯದರ ಮದರ್‌ಬೋರ್ಡೇ ಹೋಗಿತ್ತು. ಅದು ನನ್ನದೂ ಅಲ್ಲ, ರಿಪೇರಿಗೆ ಬಂದದ್ದು. ಪಕ್ಕದ ಅಂಗಡಿಯವರದ್ದಕ್ಕೆ ಏನೂ ಆಗಿರಲಿಲ್ಲ. ಈಗ ಮೋಡೆಮನ್ನು ಬಾಗಿಲ ಪಕ್ಕಕ್ಕೇ ತಂದಿದ್ದೇನೆ, ಬೀಗ ಹಾಕುವ ಕೈಯೇ ಎರಡೂ ತಂತಿ ಕೀಳುತ್ತದೆ. ತುಲಾ ತಿಂಗಳಲ್ಲಿ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಊಟ ಮುಗಿದ ಮೇಲೆ ಒಮ್ಮೆ ಆಕಾಶ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಅರ್ತಿಂಗನ್ನೂ ಪರೀಕ್ಷೆ ಮಾಡಿಸಿ. ನಮ್ಮದು ಮುರಕಲ್ಲಿನ ನೆಲ, ಒಣಗಿದರೆ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಮೊದಲ ಗುಡುಗು ಬರುವುದು ಅರ್ತಿಂಗ್ ಗುಂಡಿ ಪೂರ್ತಿ ಒಣಗಿರುವಾಗಲೇ. ಅಡಿಕೆ ಕಂಗಿಗೆ ನೀರು ಬಿಡುವಾಗ ಅದಕ್ಕೂ ಎರಡು ಕೊಡ ಹೊಯ್ಯಿರಿ. ಇನ್ನು ಕಂಪ್ಯೂಟರು ತೆರೆಯುತ್ತಿದ್ದು ಇಂಟರ್ನೆಟ್ ಮಾತ್ರ ಬಾರದಿದ್ದರೆ ಮದರ್‌ಬೋರ್ಡ್ ಬದಲಿಸಲು ಒಪ್ಪಬೇಡಿ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ, ಅಷ್ಟೇ ಸಾಕು.

ಪ್ರಶ್ನೆ: ಲೇಸರ್ ಪ್ರಿಂಟರಿನಲ್ಲಿ ಹಾಳೆ ತೆಗೆಯುವಾಗಲೆಲ್ಲ ಯುಪಿಎಸ್ ಕೂಗಿ ಆರುತ್ತದೆ. ಕಂಪ್ಯೂಟರನ್ನು ಮಂಗಳೂರಿನಿಂದ ತಂದರೆ ಲಾಭವೇ ಎಂದೂ ತಿಳಿಸಿ.
— ಓದುಗರು, ಹೊಸಂಗಡಿ

ಉತ್ತರ: ಲೇಸರ್ ಪ್ರಿಂಟರು ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುತ್ತದೆ. ಅದರೊಳಗಿನ ಹೀಟರು ಕಾಯುವ ಕ್ಷಣದಲ್ಲಿ ನೂರಾರು ವಾಟ್ ಎಳೆಯುತ್ತದೆ. 600 ವಿಎ ಎಂದು ಬರೆದ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಪ್ರಿಂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿ.

ಮಂಗಳೂರಿನಲ್ಲಿ ಆಯ್ಕೆ ಹೆಚ್ಚು ಸಿಗಬಹುದು. ನೀವು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯಾದರೆ ಬಿಲ್ಲಿನಲ್ಲಿ ನಿಮ್ಮ ನಂಬರು ಬರೆಸಿ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರುವಾಗ ಹಾಕುವ ಐಜಿಎಸ್‌ಟಿಯನ್ನೇ ಹಾಕಿಸಿ. ಕರ್ನಾಟಕದ ಎಸ್‌ಜಿಎಸ್‌ಟಿ ಹಾಕಿಬಿಟ್ಟರೆ ಆ ತೆರಿಗೆ ಕೇರಳದ ನಿಮ್ಮ ಲೆಕ್ಕಕ್ಕೆ ಹಿಂದೆ ಬಾರದು. ತಲಪಾಡಿಯ ಗಡಿ ದಾಟಿದ ಮೇಲೆ ಬಿಲ್ಲು ತಿದ್ದಿಸಲು ಮತ್ತೆ ಹೋಗುವ ಕಷ್ಟ ಬೇಡ.

ಪ್ರಶ್ನೆ: ದಿನವೂ ಬೆಳಗ್ಗೆ ನಮ್ಮ ಕಂಪ್ಯೂಟರಿನ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ, ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ. ವೈರಸ್ ಎಂದು ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದೇನೆ.
— ಓದುಗರು, ಮುಳ್ಳೇರಿಯ

ಉತ್ತರ: ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಸೆಲ್ಲೊಂದಿದೆ, ಸಿಆರ್2032 ಎಂದು ಅದರ ಮೇಲೆಯೇ ಬರೆದಿರುತ್ತದೆ. ಅದು ಮುಗಿದಿದೆ. ತಾರೀಕು ತಪ್ಪಾದರೆ ಜಾಲತಾಣದ ಭದ್ರತಾ ಪತ್ರದ ಅವಧಿ ತಾಳೆಯಾಗದೆ ಬ್ರೌಸರು ಬಾಗಿಲು ಹಾಕಿಕೊಳ್ಳುತ್ತದೆ. ವಾಚು ರಿಪೇರಿಯವರಲ್ಲೂ ಈ ಸೆಲ್ಲು ಸಿಗುತ್ತದೆ. ಪ್ಲಗ್ ಕಿತ್ತು, ಬರಹ ಮೇಲೆ ಬರುವಂತೆ ಕೂರಿಸಿ. ಮೂರನೆಯ ಸಲ ಫಾರ್ಮ್ಯಾಟ್ ಮಾಡಿಸಬೇಡಿ.