ಬೋರ್ಡ್ ಆಮೇಲೆ, ಮೊದಲು ಸೋರಿಕೆ ಹುಡುಕಿ

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಚೇರಿ ಇದೆ. 60 ಜನ ಇದ್ದೇವೆ. ಕ್ಯಾಂಟೀನ್ ಇಲ್ಲ, ತೋಟವೂ ಇಲ್ಲ. ಆದರೂ ದಿನಕ್ಕೆ 5,000 ಲೀಟರ್ ನೀರು ಖರ್ಚಾಗುತ್ತಿದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಗುತ್ತದೆ. 'ನೀರು ಉಳಿಸಿ' ಎಂದು ಬೋರ್ಡ್ ಹಾಕಿದರೂ ಪ್ರಯೋಜನವಾಗಿಲ್ಲ. ಏನು ಮಾಡಬೇಕು?

ಉತ್ತರ: ಕಚೇರಿಗಳಿಗೆ ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಲೆಕ್ಕ ತಲೆಗೆ ದಿನಕ್ಕೆ 45 ಲೀಟರ್. 60 ಜನರಿಗೆ 2,700 ಲೀಟರ್ ಸಾಕು. ಉಳಿದ 2,300 ಲೀಟರ್ ಬರೀ ಕೈ ತೊಳೆದೇ ಖಾಲಿಯಾಗುವ ನೀರಲ್ಲ, ಎಲ್ಲೋ ಸೋರುತ್ತಿದೆ.

ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಓವರ್‌ಹೆಡ್ ಟ್ಯಾಂಕ್ ತುಂಬಿಸಿ ಮೋಟರ್ ಆಫ್ ಮಾಡಿ. ಟ್ಯಾಂಕಿನಲ್ಲೂ ಸಂಪಿನಲ್ಲೂ ನೀರು ಎಲ್ಲಿವರೆಗಿದೆ ಎಂದು ಗುರುತು ಹಾಕಿ. ಸೋಮವಾರ ಬೆಳಿಗ್ಗೆ ಟ್ಯಾಂಕ್ ಇಳಿದಿದ್ದರೆ ಪೈಪು, ನಲ್ಲಿ ಅಥವಾ ಫ್ಲಶ್ ಸೋರುತ್ತಿದೆ. ಸಂಪು ಇಳಿದಿದ್ದರೆ ಅದರ ಗೋಡೆಯಲ್ಲೋ ತಳದಲ್ಲೋ ಬಿರುಕಿರಬಹುದು.

ನನ್ನ ಅನುಮಾನವೆಲ್ಲ ಫ್ಲಶ್ ಟ್ಯಾಂಕಿನ ಮೇಲೆ. ಅದು ಸದ್ದಿಲ್ಲದೆ ಸೋರುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಡಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನೊಳಗೆ ನೀಲಿ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ. ಬದಲಿಸಲು ಹೆಚ್ಚು ಖರ್ಚಿಲ್ಲ. ಹಳೆಯ 10 ಲೀಟರಿನ ಟ್ಯಾಂಕುಗಳಿದ್ದರೆ ಮುಂದಿನ ರಿಪೇರಿಯಲ್ಲಿ 3 ಮತ್ತು 6 ಲೀಟರಿನ ಎರಡು ಬಟನ್ನಿನವನ್ನು ಹಾಕಿಸಿ.

ಕೈ ತೊಳೆಯುವ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಜಾಲರಿ) ಹಾಕಿಸಿ, ಅಷ್ಟು ಸಾಕು. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಮೋರಿಗೆ ಬಿಡಬೇಡಿ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಅದರಲ್ಲಿ ಲವಣ ಹೆಚ್ಚಿರುವುದರಿಂದ ಹೂಕುಂಡಕ್ಕೆ ಬೇಡ. ಕುಂಡಕ್ಕೆ ಎಸಿಯಿಂದ ತೊಟ್ಟಿಕ್ಕುವ ನೀರು ಒಳ್ಳೆಯದು.

ತಾರಸಿ 2,000 ಚದರ ಅಡಿ ಇದ್ದರೆ, 20 ಮಿ.ಮೀ. ಮಳೆಗೆ ಸುಮಾರು 3,000 ಲೀಟರ್ ಹಿಡಿಯಬಹುದು. ಮೇ ತಿಂಗಳ ಮಳೆಗೆ ಮುಂಚೆ ತಾರಸಿ ಗುಡಿಸಿಡಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ ಇದನ್ನು ನಿಲ್ಲಿಸಬೇಡಿ. 2023ರಲ್ಲಿ ಅದು ತುಂಬಲೇ ಇಲ್ಲ.

ಇನ್ನೊಂದು ಮಾತು. ಯಾವ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಮೊದಲು ಗೊತ್ತಾಗುವುದು ಶೌಚಾಲಯ ತೊಳೆಯುವ ಅಕ್ಕನಿಗೆ. ಅವರು ಹೇಳುತ್ತಾರೆ, ಸೂಪರ್‌ವೈಸರ್ ಮರೆಯುತ್ತಾರೆ, ವಾಷರ್ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಪ್ಲಂಬರ್ ನಂಬರನ್ನು ಆ ಅಕ್ಕನಿಗೇ ಕೊಡಿ, ಯಾರನ್ನೂ ಕೇಳದೆ ಕರೆಸುವ ಅಧಿಕಾರವನ್ನೂ ಕೊಡಿ.